ಕಿಸಾನ್ ಸಮ್ಮಾನ್, ಅಡಿಕೆ ವಿಮೆ, ಸಬ್ಸಿಡಿ: ಕಾರ್ಕಳ ಕಡೆಯಿಂದ ಒಂದು ರಿವ್ಯೂ

ಕಿಸಾನ್ ಸಮ್ಮಾನ್, ಅಡಿಕೆ ವಿಮೆ, ಯಂತ್ರದ ಸಬ್ಸಿಡಿ, ಬಿತ್ತನೆ ಬೀಜ, ಮಳೆಗೆ ಹಾಳಾದ್ರೆ ಪರಿಹಾರ ಅಂತ ಸರ್ಕಾರದಿಂದ ನಮ್ಮಂಥ ಸಣ್ಣ ಕೃಷಿಕರಿಗೆ ಬರುವ ಹಣ ಉಂಟಲ್ಲ, ಅದನ್ನು ಒಂದು ಸರ್ವಿಸ್ ಅಂತ ಇಟ್ಟುಕೊಂಡು ಈ ರಿವ್ಯೂ ಬರೀತಿದ್ದೇನೆ. ನಮ್ಮದು ಕಾರ್ಕಳ ತಾಲೂಕಿನ ಒಳಗಿನ ಊರು, ಸ್ವಲ್ಪ ಅಡಿಕೆ ತೋಟ, ಅದರ ಮಧ್ಯ ಕಾಳುಮೆಣಸು, ಕೆಳಗೆ ಬೈಲಲ್ಲಿ ಗದ್ದೆ. ಜಾಗ ಅಮ್ಮನ ಹೆಸರಲ್ಲಿ ಇರುದ್ರಿಂದ ಕಾಗದಪತ್ರ ಎಲ್ಲ ನಾನೇ ನೋಡಿಕೊಳ್ಳುದು, ಹಾಗೆ ಮಾಡ್ತಾ ಮಾಡ್ತಾ ಅಕ್ಕಪಕ್ಕದ ಹಿರಿಯರದ್ದೂ ನನ್ನ ಕೈಗೇ ಬಂದಿದೆ, ಮೊಬೈಲಿಗೆ ಎಂತಾದ್ರೂ ಮೆಸೇಜ್ ಬಂದ ಕೂಡ್ಲೆ "ಮಗಾ ಇದೆಂತ ಸ್ವಲ್ಪ ನೋಡು" ಅಂತ ಫೋನ್ ಬರ್ತದೆ. ಇದನ್ನು ಓದಿ ನಾಲ್ಕು ಮನೆಯವರಿಗಾದ್ರೂ ನಿಂತ ಹಣ ಬಂದ್ರೆ ಬರೆದದ್ದು ಸಾರ್ಥಕ.

ಮೊದ್ಲೇ ಹೇಳಿ ಬಿಡ್ತೇನೆ. ಹಣ ಹಾಕುವ ಕೆಲಸ ಚಂದ ಆಗ್ತದೆ, ಮಧ್ಯದಲ್ಲಿ ಯಾರೂ ಕೈ ಹಾಕ್ಲಿಕ್ಕೆ ಆಗುದಿಲ್ಲ, ಯಾರ ಕೈ ಬೆಚ್ಚಗೆ ಮಾಡ್ಬೇಕಾಗಿಯೂ ಇಲ್ಲ, ಕಂತು ಬಿಡುಗಡೆ ಆದ ದಿನ ಅಥವಾ ಮಾರನೇ ದಿನ ಖಾತೆಯಲ್ಲಿ ಇರ್ತದೆ. ಆದ್ರೆ ಈ ಹಣ ಹುಡುಕಿಕೊಂಡು ಹೋಗುದು ಆರ್‌ಟಿಸಿಯಲ್ಲಿ (ಪಹಣಿ, ಅಂದ್ರೆ ಜಾಗದ ದಾಖಲೆ) ಹೆಸರು ಇರುವವರನ್ನು. ಗದ್ದೆಗೆ ಇಳಿದು ನೇಜಿ ನೆಡುವವರು ಯಾರು, ತೋಟಕ್ಕೆ ಮದ್ದು ಬಿಡಿಸುವವರು ಯಾರು ಅಂತ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಈ ಎರಡೂ ಒಬ್ಬರೇ ಆಗಿರುವ ಮನೆ ನಮ್ಮ ಕಡೆ ಕಡಿಮೆ ಆಗ್ತಾ ಉಂಟು, ನನ್ನ ಮುಖ್ಯ ತಕರಾರು ಇದೇ.

ಕಿಸಾನ್ ಸಮ್ಮಾನ್‌ನಿಂದ ಶುರು ಮಾಡುವ. 2019ರ ಫೆಬ್ರವರಿ 24ಕ್ಕೆ ಗೋರಖ್‌ಪುರದಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ, ಪಿಎಂ ಕಿಸಾನ್ ಅಂತಲೂ ಹೇಳ್ತಾರೆ, ವರ್ಷಕ್ಕೆ 6000, ನಾಲ್ಕು ತಿಂಗಳಿಗೊಮ್ಮೆ 2000ದ ಹಾಗೆ ಮೂರು ಕಂತು. ಶುರುವಿಗೆ 2 ಹೆಕ್ಟೇರ್ ಒಳಗಿನವರಿಗೆ ಮಾತ್ರ ಇತ್ತು, ಅದೇ ವರ್ಷ ಆ ಮಿತಿ ತೆಗೆದ್ರು. ಎಷ್ಟು ಜಾಗ ಇದ್ರೂ ಹಣ ಅಷ್ಟೇ, ಹಾಗಾಗಿ 50 ಸೆಂಟ್ಸ್ ಇರುವವರಿಗೆ ಇದು ನಿಜವಾಗಿ ಒಂದು ಆಧಾರ, ನನಗೆ ಈ ಯೋಜನೆಯಲ್ಲಿ ತುಂಬ ಇಷ್ಟವಾದ ಸಂಗತಿ ಅದು. ಆದ್ರೆ 2019ರಲ್ಲಿ 6000 ಇದ್ದದ್ದು ಇವತ್ತಿಗೂ 6000ವೇ, ಅಷ್ಟರಲ್ಲಿ ಆಳಿನ ಸಂಬಳ, ಗೊಬ್ಬರ, ಉಳುಮೆ ಯಾವುದೂ ಅಲ್ಲೇ ನಿಂತಿಲ್ಲ, ನಮ್ಮ ಕಡೆ ಒಂದು ಕಂತು ಅಂದ್ರೆ ಮರ ಹತ್ತುವವರ ಒಂದು ದಿನದ ಸಂಬಳಕ್ಕೆ ಹೆಚ್ಚುಕಮ್ಮಿ ಸರಿ ಹೋಗ್ತದೆ. ಮೊದ್ಲು ರಾಜ್ಯ ಸರ್ಕಾರ ಇದಕ್ಕೆ ವರ್ಷಕ್ಕೆ 4000 ಸೇರಿಸಿ ಕೊಡ್ತಿತ್ತು, ಯಡಿಯೂರಪ್ಪನವರು 2019ರಲ್ಲಿ ಶುರು ಮಾಡಿದ್ದು, 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. 10000 ಬರ್ತಿದ್ದ ಮನೆಗೆ 6000 ಬರುದು, ಯಾವ ಪಕ್ಷದವರಾದ್ರೂ ಸರಿ, ಸಣ್ಣವರ ಕೈಯಿಂದ ಹೀಗೆ ತೆಗೆಯಬಾರದಿತ್ತು ಅಂತ ನನ್ನ ಅಭಿಪ್ರಾಯ.

ಸಮಯದ ವಿಷಯಕ್ಕೆ ಬಂದ್ರೆ, 2025ರಲ್ಲಿ ಫೆಬ್ರವರಿ 24, ಆಗಸ್ಟ್ 2, ನವೆಂಬರ್ 19ಕ್ಕೆ ಕಂತು ಬಿಟ್ರು. ಲೆಕ್ಕದಲ್ಲಿ ಏಪ್ರಿಲಿಂದ ಜುಲೈಯ ಕಂತು ಅದು ಆಗಸ್ಟಿಗೆ ಬಂದದ್ದು. ನಮ್ಮಲ್ಲಿ ಜೂನ್ ಮೊದಲ ವಾರ ಮಳೆ ಹಿಡಿದ ಕೂಡ್ಲೆ ಟಿಲ್ಲರ್ ಬಾಡಿಗೆ, ಬೀಜ, ಗೊಬ್ಬರ, ತೋಟಕ್ಕೆ ಮೈಲುತುತ್ತು ಸುಣ್ಣ, ಎಲ್ಲ ಖರ್ಚೂ ಒಟ್ಟಿಗೆ ಬರುದು, ಆಗಸ್ಟಲ್ಲಿ ಬಂದ ಹಣ ಸಾಲ ತೀರಿಸ್ಲಿಕ್ಕೆ ಆಗ್ತದೆ ಹೊರತು ನಟ್ಟಿಗೆ ಸಿಗುದಿಲ್ಲ. ದೇಶಕ್ಕೆಲ್ಲ ಒಂದೇ ದಿನ ಬಿಡ್ತಾರೆ ಸರಿ, ಆದ್ರೆ ಆ ದಿನವನ್ನು ಮಳೆಗಾಲಕ್ಕೆ ಮೊದ್ಲು ಇಟ್ರೆ ಯಾರಿಗೂ ನಷ್ಟ ಇಲ್ಲ ಅಲ್ವಾ.

ಯಾರಿಗೆ ಸಿಗುದಿಲ್ಲ ಅಂತ ಕೂಡ ತಿಳ್ಕೊಳ್ಳಿ. ಇನ್‌ಕಮ್ ಟ್ಯಾಕ್ಸ್ ಕಟ್ಟುವವರಿಗೆ ಇಲ್ಲ, ಸರ್ಕಾರಿ ನೌಕರರಿಗೆ ಇಲ್ಲ (ಗ್ರೂಪ್ ಡಿಯವರಿಗೆ ಉಂಟು), ತಿಂಗಳಿಗೆ 10000 ಮತ್ತು ಅದಕ್ಕಿಂತ ಹೆಚ್ಚು ಪೆನ್ಶನ್ ಬರುವವರಿಗೆ ಇಲ್ಲ, ವೃತ್ತಿ ಮಾಡುವ ಡಾಕ್ಟರ್, ವಕೀಲ, ಸಿಎ ಇವರಿಗೂ ಇಲ್ಲ. ನಮ್ಮ ಕಡೆ ಕೆಲಸದಿಂದ ರಿಟೈರ್ ಆಗಿ ಬಂದು ತೋಟ ನೋಡಿಕೊಳ್ಳುವವರು ತುಂಬ ಜನ ಇದ್ದಾರೆ, ಅವರಲ್ಲಿ ಕೆಲವರಿಗೆ ಮೊದ್ಲು ಹಣ ಬಂದು ಆಮೇಲೆ ವಾಪಸ್ ಕಟ್ಟಿ ಅಂತ ನೋಟಿಸ್ ಬಂದದ್ದೂ ಉಂಟು. ಇನ್ನೊಂದು, ಇಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು, ಒಂದು ಕುಟುಂಬಕ್ಕೆ ಒಂದೇ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬೇರೆ ಬೇರೆ ಆರ್‌ಟಿಸಿ ಇದ್ದು ಇಬ್ಬರಿಗೂ ಬರ್ತಿದ್ದ ಕಡೆ 2025ರಲ್ಲಿ ತಡೆಹಿಡಿದು ಪರಿಶೀಲನೆ ಮಾಡಿದ್ದಾರೆ. 2019ರ ಫೆಬ್ರವರಿ 1ರ ನಂತರ ಜಾಗ ಖರೀದಿ ಮಾಡಿದವರಿಗೂ ಇಲ್ಲ, ತಂದೆತಾಯಿ ತೀರಿ ವಾರಸಾಗಿ ಬಂದ್ರೆ ಮಾತ್ರ ಉಂಟು. ನಿಮ್ಮ ಕಂತು ಏಕಾಏಕಿ ನಿಂತಿದ್ರೆ ಮೊದ್ಲು ಇದರಲ್ಲಿ ಯಾವುದಾದ್ರೂ ತಾಗ್ತದಾ ಅಂತ ನೋಡಿ, ಆಮೇಲೆ ಆಫೀಸಿಗೆ ಹೋಗಿ.

ಇ-ಕೆವೈಸಿ, ಅಂದ್ರೆ ಹಣ ಪಡೆಯುವವರು ಇವರೇ ಅಂತ ಆಧಾರಲ್ಲಿ ಗುರುತು ಖಾತ್ರಿ ಮಾಡುದು, ಅದರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ನಮ್ಮ ಊರಲ್ಲಿ ಜಾಸ್ತಿ ಜನರ ಹಣ ನಿಂತದ್ದು ಇದರಲ್ಲೇ. ಪಕ್ಕದ ಮನೆಯ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಚಿಕ್ಕ ಪ್ರಾಯದಿಂದ ಬೀಡಿ ಕಟ್ಟಿದ ಕೈ, ಅದರ ಮೇಲೆ ಪ್ರತಿ ವರ್ಷ ಅಡಿಕೆ ಸುಲಿದದ್ದು, ಬೆರಳಿನ ಗೆರೆ ಎಲ್ಲ ಸವೆದು ಹೋಗಿದೆ. ಸೇವಾ ಕೇಂದ್ರದಲ್ಲಿ ಆ ಸಣ್ಣ ಮೆಷಿನಿನ ಮೇಲೆ ಹೆಬ್ಬೆರಳು ಇಟ್ರು, ಮ್ಯಾಚ್ ಆಗ್ಲಿಲ್ಲ. ಸೆರಗಲ್ಲಿ ಒರೆಸಿ ಇಟ್ರು, ಆಗ್ಲಿಲ್ಲ. ಅಲ್ಲಿ ಕೂತಿದ್ದ ಹುಡುಗಿ ಪಾಪ ತುಂಬ ತಾಳ್ಮೆಯವಳು, ಬೆರಳಿಗೆ ಒಂದು ಚೂರು ತೆಂಗಿನೆಣ್ಣೆ ತಾಗಿಸಿ, ಒರೆಸಿ, ಹತ್ತೂ ಬೆರಳು ಒಂದೊಂದಾಗಿ ಒತ್ತಿ ಹಿಡಿದು ನೋಡಿದ್ಳು, ಪ್ರತಿ ಸಲವೂ ಸ್ಕ್ರೀನಲ್ಲಿ ಕೆಂಪು ಅಕ್ಷರ. ದೊಡ್ಡಮ್ಮ ಕೈ ಹಿಂದೆ ತೆಗೊಂಡು "ಇಷ್ಟು ವರ್ಷ ಕೆಲಸ ಮಾಡಿದ ಕೈ ಮಗಾ, ಇದು ನನ್ನ ಕೈ ಅಲ್ಲ ಅಂತ ಹೇಳ್ತದಾ ಅದು" ಅಂತ ಕೇಳಿದ್ರು. ನನಗೆ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ. ಕೆಲಸ ಮಾಡಿ ಮಾಡಿ ಬೆರಳು ಸವೆದವರಿಗೇ ಕೃಷಿಕರ ಹಣ ನಿಲ್ಲುದು ಅಂದ್ರೆ ಅದು ಸಣ್ಣ ತೊಂದರೆ ಅಲ್ಲ, ಓಟಿಪಿಯಲ್ಲಿ ಮಾಡುವ ಅಂದ್ರೆ ಅವರ ಆಧಾರಿಗೆ ಜೋಡಿಸಿದ ನಂಬರ್ ಯಾವಾಗಲೋ ಬಂದ್ ಆದ ಸಿಮ್ಮಿನದ್ದು.

ಅದಕ್ಕೆ ಪರಿಹಾರ ಬಂದದ್ದು 2023ರಲ್ಲಿ, ಪಿಎಂ ಕಿಸಾನ್ ಆಪಲ್ಲಿ ಮುಖ ತೋರಿಸಿ ಕೆವೈಸಿ ಮಾಡುವ ವ್ಯವಸ್ಥೆ ಹಾಕಿದ್ರು. ಇದಕ್ಕೆ ಪೂರ್ತಿ ಮಾರ್ಕ್ ಕೊಡ್ತೇನೆ. ಆ ಆಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು ಹಾಕಿಕೊಳ್ಬೇಕು, ಅದು ಇಲ್ಲದ್ರೆ ಕ್ಯಾಮೆರಾ ಓಪನ್ ಆಗುದೇ ಇಲ್ಲ. ದೊಡ್ಡಮ್ಮನನ್ನು ಅವರದ್ದೇ ಜಗಲಿಯಲ್ಲಿ ಬೆಳಕು ಬೀಳುವ ಕಡೆ ಕುರ್ಚಿ ಹಾಕಿ ಕೂರಿಸಿ, ನೇರ ನೋಡಿ, ಒಮ್ಮೆ ಕಣ್ಣು ಮುಚ್ಚಿ ತೆರೆಯಿರಿ ಅಂದೆ, ಸುತ್ತ ಹಸಿರು ಗೆರೆ ಬಂತು, ಆಯ್ತು. ಸೇವಾ ಕೇಂದ್ರಕ್ಕೆ ಆಟೋ ಮಾಡಿ ಹೋಗುದು ಬೇಡ, ಬೆರಳಿನ ರಗಳೆ ಇಲ್ಲ, ಒಂದೇ ಮೊಬೈಲಿಂದ ಊರಿನ ಬೇರೆಯವರದ್ದೂ ಮಾಡಿ ಕೊಡ್ಬಹುದು. ನಿಮ್ಮ ಮನೆಯ ಹತ್ತಿರ ಹೀಗೆ ಯಾರಾದ್ರೂ ಹಿರಿಯರು ಇದ್ರೆ ದಯವಿಟ್ಟು ಒಂದು ಸಂಜೆ ಕೂತು ಮಾಡಿ ಕೊಡಿ, ನೆಟ್‌ವರ್ಕ್ ಸರಿ ಇದ್ರೆ ಹೆಚ್ಚು ಹೊತ್ತು ಬೇಡ.

ಇನ್ನು ಬ್ಯಾಂಕ್. ಬ್ಯಾಂಕಿನ ವಿಷಯದಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯವರಿಗೆ ಬೇರೆಯವರಿಗಿಂತ ಹೆಚ್ಚು ಗೊಂದಲ ಉಂಟು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ. ಮೂರೂ ಇಲ್ಲಿಯೇ ಹುಟ್ಟಿದ ಬ್ಯಾಂಕ್, ಪ್ರತಿ ಮನೆಯಲ್ಲೂ ಒಂದಲ್ಲ ಒಂದರ ಪಾಸ್‌ಬುಕ್ ಇತ್ತು. ಹೆಸರು ಬದಲಾಯ್ತು, ಐಎಫ್‌ಎಸ್‌ಸಿ ಬದಲಾಯ್ತು, ಹಾಗಾಗಿ ಹಣ ಬಾರದಿದ್ರೆ ಎಲ್ಲರೂ "ಐಎಫ್‌ಎಸ್‌ಸಿ ತಪ್ಪಿರ್ಬೇಕು" ಅಂತ ಬ್ಯಾಂಕಿಗೆ ಓಡ್ತಾರೆ. ಆದ್ರೆ ಈಗ ಹಣ ಬರುದು ಆಧಾರ್ ನಂಬರ್ ಮೇಲೆ, ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರ್ಬೇಕು ಅಂತ ಇಲ್ಲ, ಎನ್‌ಪಿಸಿಐ (ಬ್ಯಾಂಕುಗಳ ಮಧ್ಯ ಹಣ ಕಳಿಸುವ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ದಾಖಲೆಯಲ್ಲಿ ನಿಮ್ಮ ಆಧಾರಿಗೆ ಕೊನೆಗೆ ಯಾವ ಬ್ಯಾಂಕ್ ಸೀಡ್ ಆಗಿದೆಯೋ, ಅಂದ್ರೆ ಜೋಡಣೆ ಆಗಿದೆಯೋ, ಅಲ್ಲಿಗೆ ಹೋಗ್ತದೆ. ನನಗೆ ಗೊತ್ತಿರುವ ಒಬ್ಬರು ಹಣ ಬರ್ಲಿಲ್ಲ ಅಂತ ವರ್ಷಗಟ್ಟಲೆ ಬೇಜಾರಲ್ಲಿ ಇದ್ರು, ನೋಡಿದ್ರೆ ಹಿಂದೆ ಚಿನ್ನ ಅಡವಿಡ್ಲಿಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಖಾತೆ ಮಾಡಿ ಆಧಾರ್ ಕೊಟ್ಟಿದ್ರು, ಎಲ್ಲ ಕಂತೂ ಅಲ್ಲಿ ಜಮೆ ಆಗಿ ಕೂತಿತ್ತು. ಹಾಗಾಗಿ ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕೂ ಎಂಟ್ರಿ ಹಾಕಿಸಿ ನೋಡಿ, ಅಥವಾ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಉಂಟು, ಬ್ಯಾಂಕಿನ ಹೆಸರು ಅಲ್ಲೇ ತೋರಿಸ್ತದೆ. ಬ್ಯಾಂಕ್ ದೂರ ಇರುವವರು ಪೋಸ್ಟಾಫೀಸಿನಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿ ಅದಕ್ಕೇ ಸೀಡ್ ಮಾಡಿಸ್ಬಹುದು, ಪೋಸ್ಟ್‌ಮ್ಯಾನ್ ಮನೆಗೆ ಬಂದು ಹಣ ಕೊಡ್ತಾರೆ, ನಡೀಲಿಕ್ಕೆ ಆಗದವರಿಗೆ ಇದಕ್ಕಿಂತ ಒಳ್ಳೆ ಉಪಾಯ ನಾನು ಕಾಣ್ಲಿಲ್ಲ.

ಈಗ ಆರ್‌ಟಿಸಿಗೆ ಬರುವ. ಕರ್ನಾಟಕದಲ್ಲಿ ಕೃಷಿಯ ಯಾವ ಸಹಾಯಧನಕ್ಕೂ ಎಫ್‌ಐಡಿ ಬೇಕು, ಫ್ರೂಟ್ಸ್ ಅಂತ ಹೇಳುವ ಪೋರ್ಟಲಲ್ಲಿ ರೈತರ ಆಧಾರ್, ಬ್ಯಾಂಕ್, ಜಾಗದ ಸರ್ವೆ ನಂಬರ್ ಎಲ್ಲ ಒಟ್ಟಿಗೆ ಸೇರಿಸಿ ಒಂದು ನಂಬರ್ ಕೊಡ್ತಾರೆ. ಒಮ್ಮೆ ಮಾಡಿದ್ರೆ ಕೃಷಿ ಇಲಾಖೆಗೂ ಆಯ್ತು, ತೋಟಗಾರಿಕೆಗೂ ಆಯ್ತು, ಬೆಳೆ ವಿಮೆಗೂ ಸೊಸೈಟಿ ಸಾಲಕ್ಕೂ ಅದೇ. ಮೊದ್ಲು ಪ್ರತಿ ಕೆಲಸಕ್ಕೂ ಆರ್‌ಟಿಸಿ ಪ್ರಿಂಟ್, ಆಧಾರ್ ಝೆರಾಕ್ಸ್, ಪಾಸ್‌ಬುಕ್ ಝೆರಾಕ್ಸ್ ಅಂತ ಫೈಲ್ ಹಿಡ್ಕೊಂಡು ತಿರುಗುದು ಇತ್ತು, ಈಗ ನಂಬರ್ ಹೇಳಿದ್ರೆ ಸ್ಕ್ರೀನಲ್ಲಿ ಬರ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿ ಕೊಡ್ತಾರೆ, ದುಡ್ಡಿಲ್ಲ. ಇಲ್ಲಿ ನೆನಪಿಡಬೇಕಾದ್ದು ಒಂದೇ, ನಿಮ್ಮ ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿದೆಯಾ ಅಂತ ಕಣ್ಣಲ್ಲಿ ನೋಡಿ. ಗದ್ದೆ ಒಂದು ನಂಬರ್, ತೋಟ ಇನ್ನೊಂದು, ಪಕ್ಕದ ಗ್ರಾಮದಲ್ಲಿ ಒಂದು ತುಂಡು ಅಂತ ಇರುವವರು ಸುಮಾರು ಜನ, ಎಷ್ಟೋ ಕಡೆ ಒಂದೇ ಸೇರಿಸಿ ಬಿಟ್ಟಿರ್ತಾರೆ, ಉಳಿದ ಜಾಗ ಲೆಕ್ಕಕ್ಕೇ ಇಲ್ಲ.

ನಿಜವಾದ ಕಷ್ಟ ಆರ್‌ಟಿಸಿಯ 9ನೇ ಕಾಲಂನಲ್ಲಿ, ಅಂದ್ರೆ ಜಾಗದ ಯಜಮಾನರ ಹೆಸರು ಬರೆಯುವ ಕಡೆ. ಅಲ್ಲಿ ಅಜ್ಜನ ಹೆಸರು ಇರ್ತದೆ, ಅಜ್ಜ ತೀರಿ ಎಷ್ಟೋ ಕಾಲ ಆಗಿರ್ತದೆ. ಅಥವಾ ಜಂಟಿ ಖಾತೆ, ಅಣ್ಣತಮ್ಮಂದಿರು, ಅಕ್ಕತಂಗಿಯರು ಅಂತ ಹತ್ತು ಹನ್ನೆರಡು ಹೆಸರು, ಒಬ್ಬರು ಮುಂಬೈಯಲ್ಲಿ, ಒಬ್ಬರು ದುಬೈಯಲ್ಲಿ, ಇಬ್ಬರು ತೀರಿಹೋಗಿದ್ದಾರೆ, ಮನೆಯಲ್ಲಿ ಇದ್ದು ತೋಟ ನೋಡುವವರು ಒಬ್ಬರೇ. ಅಳಿಯಕಟ್ಟಿನ (ಆಸ್ತಿ ಹೆಣ್ಣಿನ ಕಡೆಯಿಂದ ಬರುವ) ಕುಟುಂಬ ಆದ್ರೆ ಕೇಳುದೇ ಬೇಡ, ವಾರಸುದಾರರ ಪಟ್ಟಿ ಮಾಡ್ಲಿಕ್ಕೆ ಹೊರಟ್ರೆ ಇಡೀ ತರವಾಡು, ಅಂದ್ರೆ ಮೂಲ ಮನೆಯ ಎಲ್ಲರೂ ಬರ್ತದೆ. ಪಾಲು ಆಗಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೃಷಿ ಮಾಡ್ತಿದ್ರೂ ಪೋಡಿ (ಸರ್ವೆ ಮಾಡಿ ನಂಬರ್ ಬೇರೆ ಮಾಡುದು) ಆಗದಿದ್ರೆ ದಾಖಲೆಯಲ್ಲಿ ಅದು ಒಂದೇ. 2024ರಲ್ಲಿ ಆರ್‌ಟಿಸಿಗೆ ಆಧಾರ್ ಜೋಡಿಸುವ ಕೆಲಸ ಮಾಡಿದ್ರು, ಆಗಲೇ ತೀರಿಕೊಂಡವರ ಹೆಸರಲ್ಲಿ ಎಷ್ಟು ಜಾಗ ಉಂಟು ಅಂತ ಸರ್ಕಾರಕ್ಕೂ ಗೊತ್ತಾದದ್ದು, 2025ರಲ್ಲಿ ಇ-ಪೌತಿ ಅಂತ, ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಆಂದೋಲನ ಶುರು ಮಾಡಿದ್ರು. ನಮ್ಮ ವಿಎ (ಗ್ರಾಮ ಆಡಳಿತಾಧಿಕಾರಿ) ಮತ್ತೆ ಉಗ್ರಾಣಿ (ಅವರ ಸಹಾಯಕ) ಮನೆಗೇ ಬಂದು ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೇಳಿ ಬರ್ಕೊಂಡು ಹೋಗಿದ್ದಾರೆ, ಇದು ಒಳ್ಳೆ ಕೆಲಸ, ಬಂದಾಗ "ಮತ್ತೆ ಕೊಡ್ತೇವೆ" ಅಂತ ಕಳಿಸ್ಬೇಡಿ. ಆಧಾರಲ್ಲಿ ಒಂದು ಹೆಸರು, ಆರ್‌ಟಿಸಿಯಲ್ಲಿ ಇನ್ನೊಂದು ಇದ್ರೆ ಅದನ್ನೂ ಈಗಲೇ ಹೇಳಿ. ನಮ್ಮಲ್ಲಿ ಮನೆ ಹೆಸರು, ಕುಟುಂಬದ ಹೆಸರು, ಶೆಟ್ಟಿ, ಪೂಜಾರಿ, ನಾಯ್ಕ ಅಂತ ಒಂದು ಕಡೆ ಇರ್ತದೆ ಇನ್ನೊಂದು ಕಡೆ ಇರುದಿಲ್ಲ, ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಜನ.

ಕುಮ್ಕಿ ಬಗ್ಗೆ ಘಟ್ಟದ ಮೇಲಿನವರಿಗೆ ಗೊತ್ತಿರ್ಲಿಕ್ಕಿಲ್ಲ. ಹಳೇ ದಕ್ಷಿಣ ಕನ್ನಡದಲ್ಲಿ ಕದೀಮ್ ವರ್ಗ ಜಾಗದ (ಹಿಂದಿನ ಕಾಲದಿಂದ ಬಂದ ಪಟ್ಟಾ ಜಾಗ) ಗಡಿಯಿಂದ 100 ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ವರ್ಗದಾರರಿಗೆ ಸೊಪ್ಪು, ಕಟ್ಟಿಗೆ, ಮೇವು ತೆಗೆಯುವ ಸೌಲಭ್ಯ ಹಿಂದಿನಿಂದ ಉಂಟು. ಕಾಲಕ್ರಮದಲ್ಲಿ ಅಲ್ಲಿ ಅಡಿಕೆ, ಗೇರು, ರಬ್ಬರ್ ಎಲ್ಲ ಬಂತು, ತಲೆಮಾರು ಕಳೆಯಿತು, ಆದ್ರೆ ಜಾಗ ಸರ್ಕಾರದ್ದೇ. ಅಲ್ಲಿ ನೂರು ಅಡಿಕೆ ಮರ ಇದ್ರೂ ವಿಮೆಗಿಲ್ಲ, ಸಬ್ಸಿಡಿಗಿಲ್ಲ, ಗಾಳಿಗೆ ಬಿದ್ರೆ ಪರಿಹಾರಕ್ಕೂ ಇಲ್ಲ. ಕುಮ್ಕಿ ಹಕ್ಕು ಕೊಡ್ತೇವೆ ಅಂತ ಪ್ರತಿ ಚುನಾವಣೆಯಲ್ಲಿ ಕೇಳ್ತೇವೆ, ಇಷ್ಟರವರೆಗೆ ಕೈಗೆ ಬರ್ಲಿಲ್ಲ.

ಎಲ್ಲಕ್ಕಿಂತ ಬೇಜಾರಿನ ಸಂಗತಿ ಗದ್ದೆಯದ್ದು. ನಮ್ಮ ಬೈಲಲ್ಲಿ ಗದ್ದೆ ಇರುವ ಎಷ್ಟೋ ಮನೆಯವರು ಬೆಂಗಳೂರು ಮುಂಬೈಯಲ್ಲಿ ಇದ್ದಾರೆ, ಗದ್ದೆ ಹಡಿಲು ಬೀಳ್ತದೆ, ಆಗ ಊರಲ್ಲೇ ಇರುವ ಯಾರಾದ್ರೂ ಒಬ್ಬರು ಬಾಯಿ ಮಾತಿನಲ್ಲಿ "ನಾನು ಮಾಡ್ತೇನೆ, ಇಷ್ಟು ಅಕ್ಕಿ ಕೊಡ್ತೇನೆ" ಅಂತ ಹೇಳಿ ಮಾಡ್ತಾರೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಆಂದೋಲನ ಆದಾಗ ಎಷ್ಟು ಗದ್ದೆ ಪಾಳು ಬಿದ್ದಿತ್ತು ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಹೀಗೆ ಬೇರೆಯವರ ಗದ್ದೆ ಮಾಡುವವರು ಇಲ್ಲದಿದ್ರೆ ನಮ್ಮ ಬೈಲಲ್ಲಿ ಅರ್ಧಕ್ಕರ್ಧ ಭತ್ತವೇ ಇರ್ತಿರ್ಲಿಲ್ಲ. ಅವರಿಗೆ ಕಿಸಾನ್ ಸಮ್ಮಾನ್ ಇಲ್ಲ. ನೆರೆ ಬಂದು ಪೈರು ಕೊಳೆತ್ರೆ ಪರಿಹಾರ ಗದ್ದೆ ಯಜಮಾನರ ಖಾತೆಗೆ. ಬೆಂಬಲ ಬೆಲೆಗೆ ಭತ್ತ ಕೊಡ್ಲಿಕ್ಕೂ ಅವರ ಹೆಸರಲ್ಲಿ ಎಫ್‌ಐಡಿ ಇಲ್ಲ. ಹಾಗಾದ್ರೆ ಗೇಣಿ ಚೀಟಿ ಮಾಡಿಸಿ ಅಂತ ಯಾರಾದ್ರೂ ಹೇಳಿದ್ರೆ, ಅದು ಆಗುದೇ ಇಲ್ಲ, ಭೂಸುಧಾರಣೆ ಕಾನೂನಿನಲ್ಲಿ 1974ರಿಂದ ಕೃಷಿ ಜಾಗ ಗೇಣಿಗೆ ಕೊಡುದನ್ನೇ ನಿಷೇಧ ಮಾಡಿದ್ದಾರೆ, ಸೈನಿಕರು, ಹಡಗಿನ ಕೆಲಸದವರು ಅಂತ ಕೆಲವರಿಗೆ ಮಾತ್ರ ವಿನಾಯಿತಿ. ಆ ಕಾನೂನಿಂದಲೇ ಗೇಣಿಗೆ ಮಾಡ್ತಿದ್ದ ನಮ್ಮ ಎಷ್ಟೋ ಮನೆಗೆ ಡಿಕ್ಲರೇಶನ್ ಕೊಟ್ಟು ಜಾಗ ಸಿಕ್ಕಿದ್ದು, ನಮ್ಮ ಅಜ್ಜನಿಗೂ ಹಾಗೆಯೇ, ಅದರ ಉಪಕಾರ ನಾನು ಮರೆಯುವವನಲ್ಲ. ಆದ್ರೆ ಇವತ್ತು ಗದ್ದೆ ಮಾಡುವವರ ಕೈಯಲ್ಲಿ ಒಂದು ಕಾಗದ ಇರ್ಲಿಕ್ಕೆ ದಾರಿ ಇಲ್ಲ, ಬರೆದುಕೊಟ್ರೆ ಜಾಗ ಹೋದೀತು ಅಂತ ಯಜಮಾನರಿಗೆ ಈಗಲೂ ಹೆದರಿಕೆ. ಹಕ್ಕಿನ ವಿಷಯ ಬಿಡಿ, ಈ ಸಾಲಿನಲ್ಲಿ ಈ ಗದ್ದೆ ಮಾಡಿದ್ದು ಇವರು ಅಂತ ಬೆಳೆ ಸಮೀಕ್ಷೆಯಲ್ಲಿ ಒಂದು ಹೆಸರು ಬರ್ಕೊಂಡು ಪರಿಹಾರ, ಬೆಂಬಲ ಬೆಲೆ ಅಷ್ಟನ್ನಾದ್ರೂ ಅವರಿಗೆ ಕೊಡ್ಬಹುದಲ್ಲ. ಸಮೀಕ್ಷೆಗೆ ಬರುವ ಹುಡುಗರು ಗದ್ದೆ ಹುಣಿಯಲ್ಲಿ ನಿಂತು ಫೋಟೋ ತೆಗೀವಾಗ ಎದುರು ಕೆಲಸ ಮಾಡ್ತಾ ಇರುವವರು ಅವರೇ.

ಅಡಿಕೆ ವಿಮೆ ಬೇರೆ ಲೆಕ್ಕ. ಹವಾಮಾನ ಆಧಾರಿತ ಬೆಳೆ ವಿಮೆ, ನಮ್ಮ ಎರಡು ಜಿಲ್ಲೆಯಲ್ಲಿ ಅಡಿಕೆಗೆ ಮತ್ತೆ ಕಾಳುಮೆಣಸಿಗೆ ಉಂಟು. ಅಡಿಕೆಗೆ ಹೆಕ್ಟೇರಿಗೆ 1,28,000 ವಿಮಾ ಮೊತ್ತ, ನಮ್ಮ ಪಾಲು ಅದರ ಶೇಕಡ 5, ಅಂದ್ರೆ 6400, ಎಕರೆಗೆ 2590ರ ಹತ್ತಿರ ಬೀಳ್ತದೆ. ಕಾಳುಮೆಣಸಿಗೆ 47,000ಕ್ಕೆ 2350. ಪ್ರೀಮಿಯಂನ ಉಳಿದ ಪಾಲು ಕೇಂದ್ರ ಮತ್ತು ರಾಜ್ಯ ಹಾಕ್ತದೆ, ಹಾಗಾಗಿ ಇದನ್ನೂ ಸಬ್ಸಿಡಿ ಅಂತಲೇ ಲೆಕ್ಕ ಹಿಡಿದಿದ್ದೇನೆ. ಇದರಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಲೆಕ್ಕ ಮಾಡುದಿಲ್ಲ, ನಿಮ್ಮ ಗ್ರಾಮ ಪಂಚಾಯತಿನ ಮಳೆ ಮಾಪನ ಎಷ್ಟು ಮಳೆ, ಎಷ್ಟು ದಿನ ಬಿಡದೆ ಮಳೆ ಅಂತ, ಹವಾಮಾನ ಕೇಂದ್ರ ಬೇಸಗೆಯಲ್ಲಿ ಎಷ್ಟು ಸೆಕೆ ಅಂತ ಬರೆದದ್ದರ ಮೇಲೆ ಲೆಕ್ಕ. ಜುಲೈ ಆಗಸ್ಟಲ್ಲಿ ಬಿಡದೆ ಮಳೆ ಹೊಡೆದ್ರೆ ಮದ್ದು ಬಿಡ್ಲಿಕ್ಕೆ ಆಗುದಿಲ್ಲ, ಕೊಳೆರೋಗ ಬರ್ತದೆ, ಅದನ್ನೇ ಅದು ಹಿಡಿಯುದು. ಅರ್ಜಿ ಬೇಡ, ಮಹಜರು ಬೇಡ, ಪಂಚಾಯತಿಗೆ ಎಷ್ಟು ಅಂತ ಬಂತೋ ಅಷ್ಟು ಎಲ್ಲರಿಗೂ ನೇರ ಖಾತೆಗೆ. ನಾನು ಈ ರಿವ್ಯೂದಲ್ಲಿ ಒಂದೇ ಒಂದು ಯೋಜನೆ ಮಾಡಿಸಿ ಅಂತ ಒತ್ತಾಯ ಮಾಡುದಾದ್ರೆ ಅದು ಇದೇ, ನಮ್ಮ ಮನೆಗೆ ಕಿಸಾನ್ ಸಮ್ಮಾನ್‌ನಲ್ಲಿ ಬಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ಅಡಿಕೆ ವಿಮೆಯಲ್ಲಿ ಬಂದಿದೆ, ಕೊಳೆರೋಗದಲ್ಲಿ ಅರ್ಧ ಫಸಲು ಹೋದ ವರ್ಷ ಮುಂದಿನ ವರ್ಷದ ಖರ್ಚಿಗೆ ಅದೇ ಕೈ ಹಿಡಿದದ್ದು.

ಆದ್ರೆ ಎಲ್ಲ ಆ ಮಳೆ ಮಾಪನದ ಮೇಲೆ ನಿಂತಿದೆ, ಅದು ಕೆಟ್ರೆ ಇಡೀ ಪಂಚಾಯತಿನ ಲೆಕ್ಕ ಕೆಟ್ಟ ಹಾಗೆ. ಪಂಚಾಯತ್ ಕಟ್ಟಡದ ಮೇಲೆ ಇರುದು ಒಂದು, ತೋಟ ಇರುದು ಗುಡ್ಡದ ಆ ಕಡೆ, ಅಲ್ಲಿ ಸುರಿದ ಮಳೆ ಇಲ್ಲಿ ಇರುದಿಲ್ಲ. ಪಕ್ಕ ಪಕ್ಕದ ಪಂಚಾಯತಿಗೆ ಅಜಗಜಾಂತರ ವ್ಯತ್ಯಾಸ ಬಂದಾಗ ಜನ ಕೇಳ್ತಾರೆ, ಉತ್ತರ ಕೊಡುವವರು ಇಲ್ಲ. ದಿನದ ಮಳೆ ಲೆಕ್ಕವನ್ನು ಪಂಚಾಯತಿನ ನೋಟಿಸ್ ಬೋರ್ಡಲ್ಲಿ ಹಾಕಿದ್ರೆ ಮಾಪನ ಹಾಳಾದದ್ದು ಆ ವಾರದಲ್ಲೇ ಯಾರ ಕಣ್ಣಿಗಾದ್ರೂ ಬೀಳ್ತದೆ, ವರ್ಷ ಕಳೆದು ಹಣ ಬರುವಾಗ ಗೊತ್ತಾಗುದ್ರಿಂದ ಯಾರಿಗೂ ಪ್ರಯೋಜನ ಇಲ್ಲ. ಮತ್ತೆ ಹಣ ಬರುದೂ ತಡ, ಜೂನಿಗೆ ಅವಧಿ ಮುಗಿದ್ರೆ ದೀಪಾವಳಿ ಹೊತ್ತಿಗೆ ಬಂದ್ರೆ ಪುಣ್ಯ. ಇನ್ನೊಂದು ಮುಖ್ಯ ಸಂಗತಿ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಅಡಿಕೆ ಅಂತ ದಾಖಲಾಗಿರ್ಬೇಕು. ನೀವು ಅಡಿಕೆಗೆ ಪ್ರೀಮಿಯಂ ಕಟ್ಟಿ ಸಮೀಕ್ಷೆಯವರು ತೆಂಗು ಅಂತ ಹಾಕಿದ್ರೆ ತಾಳೆ ಆಗುದಿಲ್ಲ, ಹಣ ನಿಲ್ತದೆ. ಬೆಳೆ ದರ್ಶಕ್ ಆಪಲ್ಲಿ ಸರ್ವೆ ನಂಬರ್ ಹಾಕಿ ಫೋಟೋ ಸಮೇತ ನೋಡ್ಬಹುದು, ತಪ್ಪಿದ್ರೆ ಅದರಲ್ಲೇ ಆಕ್ಷೇಪಣೆ ಹಾಕ್ಲಿಕ್ಕೂ ಉಂಟು.

ಯಂತ್ರದ ಸಬ್ಸಿಡಿ ಬಗ್ಗೆ ಸ್ವಲ್ಪ. ಸಾಮಾನ್ಯ ವರ್ಗಕ್ಕೆ ಶೇಕಡ 50, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡ 90, ಹೆಚ್ಚೆಂದ್ರೆ 1 ಲಕ್ಷದವರೆಗೆ. ಹುಲ್ಲು ಕೊಚ್ಚುವ ಮೆಷಿನ್, ಟಿಲ್ಲರ್, ಮದ್ದು ಬಿಡುವ ಸ್ಪ್ರೇಯರ್ ಇದೆಲ್ಲ ನಮ್ಮಲ್ಲಿ ಜಾಸ್ತಿ ಹೋಗುದು. ಮೆಷಿನ್ ಸಿಗ್ತದೆ, ಸರಿ, ಆದ್ರೆ ಅದೇ ಮಾದರಿಗೆ ಹೊರಗಿನ ಅಂಗಡಿಯಲ್ಲಿ ಎಷ್ಟು ಅಂತ ಮೊದ್ಲು ವಿಚಾರಿಸಿ, ಒಂದು ಕಡೆ ನಮಗೆ ಸಬ್ಸಿಡಿ ಕಳೆದು ಕೊಟ್ಟ ರೇಟಿಗೂ ಇನ್ನೊಂದು ಊರಿನ ಅಂಗಡಿಯ ನಗದು ರೇಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರ್ಲಿಲ್ಲ. ಸರ್ಕಾರ ಅರ್ಧ ಹಾಕಿದ ಮೇಲೆ ಆ ಅರ್ಧ ರೈತನಿಗೇ ಮುಟ್ಟಬೇಕು, ಬೆಲೆ ಏರಿಸಿದವರಿಗೆ ಅಲ್ಲ. ಅನುದಾನ ಇರುದು ಸ್ವಲ್ಪವೇ, ಹಾಗಾಗಿ ಏಪ್ರಿಲ್ ಮೇಯಲ್ಲೇ ಅರ್ಜಿ ಹಾಕಿ, ಡಿಸೆಂಬರ್ ಆದ ಮೇಲೆ ಹೋದ್ರೆ ಮುಂದಿನ ವರ್ಷ ನೋಡುವ ಅಂತಾರೆ.

ಬಿತ್ತನೆ ಬೀಜ ಒಳ್ಳೆದು, ಎಂಒ4 ಅಂತ ಭತ್ತದ ತಳಿ ಸಮಯಕ್ಕೆ ಸಿಗ್ತದೆ. ಭತ್ತದ ಬೆಂಬಲ ಬೆಲೆ ಮಾತ್ರ ನಮ್ಮ ಕರಾವಳಿಗೆ ಹೆಸರಿಗಷ್ಟೇ, ಸಾಮಾನ್ಯ ಭತ್ತಕ್ಕೆ 2024-25ರಲ್ಲಿ ಕ್ವಿಂಟಾಲಿಗೆ 2300 ಇತ್ತು, ಆದ್ರೆ ನಮ್ಮಲ್ಲಿ ಕಟಾವು ಅಕ್ಟೋಬರಲ್ಲಿ, ಖರೀದಿ ಕೇಂದ್ರ ಸರಿಯಾಗಿ ಶುರುವಾಗುವಾಗ ಭತ್ತ ಮಿಲ್ಲಿಗೆ ಹೋಗಿ ಆಗಿರ್ತದೆ. ಹಿತ್ತಲಲ್ಲಿ ತಿಂಗಳುಗಟ್ಟಲೆ ಭತ್ತ ಒಣಗಿಸಿ ಇಡ್ಲಿಕ್ಕೆ ಈಗ ಯಾರ ಮನೆಯಲ್ಲೂ ಜಾಗ ಇಲ್ಲ, ಅಕ್ಟೋಬರಿನ ಮಳೆಯೂ ಬಿಡುದಿಲ್ಲ.

ಪ್ರಕೃತಿ ವಿಕೋಪದ ಪರಿಹಾರ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, 2 ಹೆಕ್ಟೇರ್‌ವರೆಗೆ, ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ರೆ. ಸೆಂಟ್ಸಿಗೆ ಲೆಕ್ಕ ಹಾಕಿದ್ರೆ 91 ರೂಪಾಯಿ. ಒಂದು ಅಡಿಕೆ ಮರ ಫಸಲಿಗೆ ಬರ್ಲಿಕ್ಕೆ ಐದಾರು ವರ್ಷ ಸಾಕಿರ್ತೇವೆ, ಅದನ್ನು ನೋಡಿದ್ರೆ ಈ ದರ ತುಂಬ ಕಡಿಮೆ. ಆದ್ರೂ ಅರ್ಜಿ ಕೊಡಿ, ಬಿದ್ದ ಮರವನ್ನು ಕಡಿಯುವ ಮೊದ್ಲು ಫೋಟೋ ತೆಗೀರಿ, ವಿಎಗೆ ಅದೇ ದಿನ ತಿಳಿಸಿ.

ಸೊಸೈಟಿಯ ಬೆಳೆ ಸಾಲಕ್ಕೆ 2023ರಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲ, ನಮ್ಮ ಕಡೆ ಅದು ಸುಸೂತ್ರ ನಡೀತದೆ, ಸೊಸೈಟಿಯವರಿಗೆ ಪ್ರತಿ ಮನೆಯೂ ಗೊತ್ತಿರುದ್ರಿಂದ ಹಿರಿಯರಿಗೆ ಕೂರಿಸಿ ವಿವರಿಸಿ ಹೇಳ್ತಾರೆ. ವಾಯಿದೆ ದಿನ ತಪ್ಪಿದ್ರೆ ಮಾತ್ರ ಬಡ್ಡಿ ಪೂರ್ತಿ ನಿಮ್ಮ ತಲೆಗೆ ಬರ್ತದೆ, ಗೋಡೆಯ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ.

ಸ್ಟಾರ್ ಕೊಡ್ಬೇಕು ಅಂದ್ರೆ ಹಣ ಹಾಕುವ ವ್ಯವಸ್ಥೆಗೆ 5ಕ್ಕೆ 5, ಮುಖದ ಕೆವೈಸಿಗೆ 5, ಎಫ್‌ಐಡಿಗೆ 4, ಅಡಿಕೆ ವಿಮೆಗೆ 4, ಯಂತ್ರಕ್ಕೆ 2, ಭತ್ತ ಖರೀದಿಗೆ 1. ಬೇರೆಯವರ ಗದ್ದೆ ಮಾಡುವವರಿಗೆ ಎಂತ ಉಂಟು ಅಂತ ಕೇಳಿದ್ರೆ ಸ್ಟಾರ್ ಕೊಡ್ಲಿಕ್ಕೆ ಅಲ್ಲಿ ಏನೂ ಇಲ್ಲ. ಸಂಪರ್ಕ ಕೇಂದ್ರದಲ್ಲಿ ಕೆಲಸ ಮಾಡುವವರನ್ನು ದೂರುದು ಸರಿಯಲ್ಲ, ಜನ ಕಮ್ಮಿ, ಸರ್ವರ್ ನಿಂತ್ರೆ ಬೈಗುಳ ಅವರಿಗೆ, ನಾವು ಸ್ವಲ್ಪ ತಾಳ್ಮೆಯಿಂದ ಮಾತಾಡಿದ್ರೆ ಅವರೂ ದಾರಿ ಹೇಳಿ ಕೊಡ್ತಾರೆ.

ಅಡಿಕೆ ವಿಮೆಗೆ ಪ್ರೀಮಿಯಂ ಕಟ್ಲಿಕ್ಕೆ ಸಾಮಾನ್ಯವಾಗಿ ಜೂನ್ ಜುಲೈಯಲ್ಲಿ ಸಮಯ ಕೊಡ್ತಾರೆ, ಕೊನೇ ವಾರ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್ ನಿಧಾನ ಆಗ್ತದೆ, ಸೊಸೈಟಿಯಲ್ಲಿ ಕ್ಯೂ ಇರ್ತದೆ, ಹಾಗಾಗಿ ನೋಟಿಸ್ ಹಾಕಿದ ಕೂಡ್ಲೆ ಹೋಗಿ. ಎಫ್‌ಐಡಿ, ಆಧಾರ್, ಸೀಡ್ ಆದ ಬ್ಯಾಂಕಿನ ಪಾಸ್‌ಬುಕ್ ತೆಗೊಂಡು ಹೋಗಿ, ಅಡಿಕೆ ಬೇರೆ ಕಾಳುಮೆಣಸು ಬೇರೆ ಅಂತ ಹೇಳಿ ಎರಡಕ್ಕೂ ಕಟ್ಟಿ, ರಶೀದಿಯಲ್ಲಿ ಸರ್ವೆ ನಂಬರ್, ಪಂಚಾಯತ್ ಹೆಸರು, ಎಷ್ಟು ಸೆಂಟ್ಸ್ ಅಂತ ಕೌಂಟರಲ್ಲಿ ನಿಂತೇ ಓದಿ ನೋಡಿ, ತಪ್ಪಿದ್ರೆ ಅಲ್ಲೇ ಸರಿ ಮಾಡಿಸ್ಬಹುದು. ರಶೀದಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ ಇಡಿ. ಕಿಸಾನ್ ಸಮ್ಮಾನ್ ಕಂತು ಬಾರದವರು 155261ಕ್ಕೆ ಫೋನ್ ಮಾಡ್ಬಹುದು, ಲೈನ್ ಸಿಗ್ಲಿಕ್ಕೆ ಸ್ವಲ್ಪ ಹೊತ್ತು ಹಿಡೀತದೆ. ಕಾರ್ಕಳ, ಹೆಬ್ರಿ ಕಡೆಯವರು ಕೆವೈಸಿಯಲ್ಲಿ ಎಲ್ಲಿ ಸಿಕ್ಕಿ ಬಿದ್ದಿದ್ದೀರಿ ಅಂತ ಕೇಳಿ, ನನಗೆ ಗೊತ್ತಿದ್ದಷ್ಟು ಹೇಳ್ತೇನೆ.